ನೆರೆಯೂ ಹೊರೆಯೂ

‘ನೆರೆಹೊರೆ’ ಎಂಬುದು ಕನ್ನಡದ ಚೊಕ್ಕ ಜೋಡುನುಡಿಗಳಲ್ಲೊಂದು. ‘ನೆರೆ’ ಎಂದರೆ ಪಕ್ಕ, ಸಮೀಪ; ಕೂಡುವುದು, ಸೇರುವುದು ಎಂಬ ಅರ್ಥವೂ ಅದಕ್ಕುಂಟು. ‘ನೆರವಿ’ ಎಂದರೆ ಜನರ ಗುಂಪು. ‘ನೆರವು’ ಎಂದರೆ ಸಹಾಯ. ಹೊಳೆ ದಡ ಮೀರಿ ಊರೊಳಗೆ ನುಗ್ಗಿದಾಗಲೂ ನಾವು ‘ನೆರೆ ಬಂತು’ ಎಂದೇ ಹೇಳುತ್ತೇವೆ. ಇನ್ನು ‘ಹೊರೆ’ಗೆ ಸಮೀಪವೆಂಬ ಹಳೆಯ ಅರ್ಥವಿದ್ದರೂ ಇಂದಿನವರಿಗೆ ಒಡನೆ ತೋರುವುದು ಹೊರಬೇಕಾದ ಭಾರ. ನಿಘಂಟು ಈ ಅರ್ಥಗಳನ್ನು ಬೇರೆಬೇರೆಯಾಗಿ ಎಣಿಸಿ ಇಡುತ್ತದೆ. ಬಾಳುವೆಯಾದರೋ ಎಲ್ಲವನ್ನೂ ಒಂದೇ ಗೋಡೆಯ ಆಚೆಗೆ ತಂದು ನಿಲ್ಲಿಸುತ್ತದೆ. ಕಷ್ಟಕಾಲದಲ್ಲಿ ನೆರವಾಗುವವನೂ ನೆರೆಯವನೇ. ಮನಸ್ಸು ಕೆಟ್ಟರೆ ನೆರೆಯ ನೀರಿನಂತೆ ಹೊಸ್ತಿಲು ದಾಟಿ ಬರುವವನೂ ಅವನೇ.

ಹಣವುಳ್ಳವನಿಗೆ ಕೆಟ್ಟ ನೆರೆ ಒದಗಿದರೆ ಮನೆಯನ್ನು ಮಾರಿ ಬೇರೆ ಬಡಾವಣೆಗೆ ಹೋಗುತ್ತಾನೆ. ಖಾಸಗಿ ಬಾಡಿಗೆಯಲ್ಲಿರುವವನು ಮುಂಗಡದ ಹಣ ಹೋದರೆ ಹೋಗಲಿ ಎಂದು ಗಾಡಿ ಕಟ್ಟುತ್ತಾನೆ. ಆದರೆ ಹಲವು ವರ್ಷ ಸರದಿಯಲ್ಲಿ ಕಾದು ಪೌರಸಭೆಯಿಂದ ಒಂದು ಮನೆಯನ್ನು ಪಡೆದವನು ಎಲ್ಲಿಗೆ ಹೋಗಬೇಕು? ಆ ಮನೆಯನ್ನು ಬಿಟ್ಟರೆ ಅವನಿಗೆ ಇನ್ನೊಂದು ಇಲ್ಲ. ಬ್ರಿಟನ್ನಿನಲ್ಲಿ ‘ಕೌನ್ಸಿಲ್ ಮನೆ’ಗಳೆಂದು ಕರೆಯುವ ಪೌರಸಭೆಯ ಬಾಡಿಗೆಮನೆಗಳಲ್ಲಿ ನೆರೆಯವರ ಕಿರುಕುಳವೆಂಬುದು ಬರಿಯ ಜಗಳದ ಮಾತಾಗದೆ ಒಂದು ಸಾಮಾಜಿಕ ಸಮಸ್ಯೆಯಾಗಿ ಬೆಳೆದದ್ದು ಈ ಕಾರಣದಿಂದ. ಅದನ್ನು ಕುರಿತು ಆ ದೇಶ ಮಾಡಿಕೊಂಡ ಕಾಯಿದೆಗಳನ್ನು ಪುಸ್ತಕದಲ್ಲಿ ಓದಿದವರು ಅನೇಕರಿರಬಹುದು. ನನ್ನ ಅಕ್ಕನೊಬ್ಬಳು ಅಲ್ಲಿ ನೆಲಸಿದ್ದರಿಂದ ಅವನ್ನು ಒಂದು ಮನೆಯ ಒಳಗಿನಿಂದ ನೋಡುವ ಸಂದರ್ಭ ನನಗೆ ಒದಗಿತು.

ಮೊದಲು ಆ ಮನೆಗಳ ಹಿನ್ನೆಲೆಯನ್ನು ತಿಳಿಯುವುದು ಒಳ್ಳೆಯದು. ೧೮೯೦ರ ಕಾರ್ಮಿಕವರ್ಗಗಳ ವಸತಿ ಕಾಯಿದೆಯ ಬಲದಿಂದ ಲಂಡನ್ನಿನ ಆಡಳಿತವು ಶೋರ್‌ಡಿಚ್ ಭಾಗದ ಒಂದು ಕುಖ್ಯಾತ ಕೊಳೆಗೇರಿಯನ್ನು ಕೆಡವಿ, ಅಲ್ಲಿ ಕೆಂಪು ಇಟ್ಟಿಗೆಯ ಸುಂದರ ವಸತಿಗೃಹಗಳನ್ನು ಎಬ್ಬಿಸಿತು. ೧೯೦೦ರಲ್ಲಿ ಅದರ ಪ್ರಾರಂಭೋತ್ಸವವಾಯಿತು. ಕೆಡವಿದ ಗುಡಿಸಲುಗಳ ಕಲ್ಲುಮಣ್ಣನ್ನೇ ನಡುವೆ ಗುಡ್ಡೆಹಾಕಿ, ಅದರ ಮೇಲೆ ವಾದ್ಯಗೋಷ್ಠಿಗೆಂದು ಒಂದು ಮಂಟಪವನ್ನು ಕಟ್ಟಿದರು. ಆದರೆ ಹಳೆಯ ಕೇರಿಯ ನಿವಾಸಿಗಳಲ್ಲಿ ಹೊಸ ಮನೆಗಳ ಬಾಡಿಗೆಯನ್ನು ತೆತ್ತು ಒಳಗೆ ಬರಲಾದವರು ಬೆರಳೆಣಿಕೆಯಷ್ಟು ಮಂದಿ! ಮೊದಲನೆಯ ಮಹಾಯುದ್ಧ ಮುಗಿದಾಗ, ಯುದ್ಧದಿಂದ ಹಿಂದಿರುಗಿದ ವೀರರಿಗೆ ತಕ್ಕ ಮನೆಗಳನ್ನು ಕೊಡುವುದಾಗಿ ಸರ್ಕಾರ ಮಾತು ಕೊಟ್ಟಿತು. ೧೯೧೯ರ ಕಾಯಿದೆ ಮೂರು ವರ್ಷಗಳಲ್ಲಿ ಐದು ಲಕ್ಷ ಮನೆಗಳ ಗುರಿಯನ್ನಿಟ್ಟುಕೊಂಡಿತ್ತು. ಅದರಲ್ಲಿ ಅರ್ಧವೂ ಆಗಲಿಲ್ಲ. ಆದರೂ ೧೯೨೧ರಿಂದ ಮುಂದಿನ ಒಂದೂವರೆ ದಶಕದಲ್ಲಿ ಲಂಡನ್ನಿನ ಪೂರ್ವಕ್ಕೆ ಬೆಕಂಟ್ರಿ ಎಂಬಲ್ಲಿ ಸುಮಾರು ೨೬ ಸಾವಿರ ಮನೆಗಳ ಒಂದು ಊರೇ ಎದ್ದುನಿಂತಿತು.

ಎರಡನೆಯ ಯುದ್ಧದ ಬಳಿಕ ವಸತಿಯ ಹೊಣೆ ಹೊತ್ತ ಮಂತ್ರಿ ಅನ್ಯುರಿನ್ ಬೆವನ್ನರ ಕನಸು ಇನ್ನೂ ದೊಡ್ಡದು. ವೈದ್ಯನೂ ದಿನಸಿ ವ್ಯಾಪಾರಿಯೂ ಹೊಲದ ಕೂಲಿಯೂ ಒಂದೇ ಬೀದಿಯಲ್ಲಿ ಬಾಳಬೇಕೆಂಬುದು ಅವರ ಆಸೆಯಾಗಿತ್ತು. ಈ ಮನೆಗಳು ಕಾರ್ಮಿಕವರ್ಗಕ್ಕೆ ಮಾತ್ರ ಎಂಬ ಕಟ್ಟನ್ನು ೧೯೪೯ರ ಕಾಯಿದೆ ತೆಗೆದುಹಾಕಿತು. ೧೯೭೦ರ ದಶಕದ ಕೊನೆಯ ವೇಳೆಗೆ ಆ ದೇಶದ ಸುಮಾರು ಮೂರರಲ್ಲೊಂದು ಕುಟುಂಬ ಪೌರಸಭೆಯ ಒಕ್ಕಲಾಗಿತ್ತು. ಆಮೇಲೆ ಗಾಳಿ ದಿಕ್ಕು ಬದಲಿಸಿತು. ಒಂದು ಕಡೆ, ನೆಲೆಯಿಲ್ಲದವರಿಗೆ, ಅದರಲ್ಲೂ ಮಕ್ಕಳೊಂದಿಗರಿಗೆ, ವೃದ್ಧರಿಗೆ, ಮನೋರೋಗಿಗಳಿಗೆ ಮನೆ ಕೊಡುವುದು ಪೌರಸಭೆಯ ಕರ್ತವ್ಯವೆಂದು ೧೯೭೭ರ ಕಾಯಿದೆ ವಿಧಿಸಿತು. ಇನ್ನೊಂದು ಕಡೆ, ೧೯೮೦ರ ಕಾಯಿದೆ ಬಾಡಿಗೆದಾರರಿಗೆ ತಮ್ಮ ಮನೆಯನ್ನು ಅಗ್ಗದ ಬೆಲೆಗೆ ಕೊಳ್ಳುವ ಹಕ್ಕನ್ನು ಕೊಟ್ಟಿತು. ಶಕ್ತರು ಒಳ್ಳೆಯ ಮನೆಗಳನ್ನು ಕೊಂಡರು. ಇಂಗ್ಲೆಂಡೊಂದರಲ್ಲೇ ಹೀಗೆ ಮಾರಾಟವಾದವು ಸುಮಾರು ೨೦ ಲಕ್ಷ. ಉಳಿದ ಮನೆಗಳಿಗೆ ಬಂದವರಲ್ಲಿ ಹೆಚ್ಚಿನವರು ಎಲ್ಲರಿಗಿಂತ ಬಡವರು, ಎಲ್ಲರಿಗಿಂತ ನೊಂದವರು. ಎರಡು ಕಾಯಿದೆಗಳ ಉದ್ದೇಶವೂ ಬೇರೆಬೇರೆ. ಆದರೆ ಅವೆರಡೂ ಕೂಡಿದಾಗ ಬೆವನ್ನರ ಬೀದಿಯಿಂದ ವೈದ್ಯನೂ ವ್ಯಾಪಾರಿಯೂ ಹೊರಟುಹೋಗಿದ್ದರು. ಒಬ್ಬರ ಭಾರವನ್ನು ಇನ್ನೊಬ್ಬರು ಹೊರಲಾರದವರನ್ನೇ ಆರಿಸಿ ಒಂದು ಸೂರಿನಡಿಯಲ್ಲಿ ಇಟ್ಟಂತಾಯಿತು.

ಆ ಸೂರುಗಳಾದರೂ ಗಟ್ಟಿಯೇ? ಗೋಡೆ ತೆಳುವಾದರೆ ಒಳ್ಳೆಯ ನೆರೆಯವನೂ ಕಿರುಕುಳಗಾರನಾಗಿ ಕಾಣುತ್ತಾನೆ. ಲಂಡನ್ನಿನ ಸದರ್ಕ್ ಪೌರಸಭೆಯ ಬಾಡಿಗೆದಾರರು ಹೂಡಿದ ಒಂದು ದಾವೆ ೧೯೯೯ರಲ್ಲಿ ಆ ದೇಶದ ಅತ್ಯುಚ್ಚ ನ್ಯಾಯಪೀಠದವರೆಗೆ ಹೋಯಿತು. ಮೇಲಿನವರ ಅಡಿಗೆಮನೆಯ ಸದ್ದು, ಟೆಲಿವಿಷನ್ನಿನ ಮಾತು, ಗಂಡಹೆಂಡಿರ ವಾಗ್ವಾದ ಎಲ್ಲವೂ ಕೆಳಗಿನವರ ಕಿವಿಗೆ ಬೀಳುತ್ತಿತ್ತು. ನ್ಯಾಯಾಧೀಶರು ಮರುಕ ತೋರಿದರು. ಆದರೆ ಮನುಷ್ಯರು ಮನೆಯಲ್ಲಿ ಸಹಜವಾಗಿ ಬಾಳುವ ಸದ್ದು ಉಪದ್ರವವೆನಿಸದು, ಹಳೆಯ ಕಟ್ಟಡಕ್ಕೆ ಸದ್ದು ತಡೆಯುವ ಹೊದಿಕೆಯನ್ನು ಹಾಕಿಕೊಡುವ ಹೊಣೆಯೂ ಮನೆಯೊಡೆಯನಿಗಿಲ್ಲ ಎಂದು ತೀರ್ಪಿತ್ತರು. ಈ ತೀರ್ಪು ಕಠಿನವೆನಿಸಬಹುದು. ಆದರೂ ಅದರಲ್ಲಿ ಒಂದು ವಿವೇಕವಿದೆ. ಮಗು ಅಳುವುದು, ಮುದುಕ ಕೆಮ್ಮುವುದು ಅಪರಾಧವಲ್ಲ. ಬಾಳುವ ಸದ್ದು ಬೇರೆ, ಬಾಳಗೊಡದಿರಲೆಂದು ಮಾಡುವ ಸದ್ದು ಬೇರೆ. ಇವೆರಡನ್ನೂ ಬೇರ್ಪಡಿಸಿ ತೋರಿಸುವುದೇ ನೊಂದವನ ಮೊದಲ ಕಷ್ಟ.

ಅಕ್ಕನ ಕಷ್ಟವೂ ಅದೇ ಆಗಿತ್ತು. ಭಾರತದಿಂದ ದಾದಿಯರು ದೊಡ್ಡ ಸಂಖ್ಯೆಯಲ್ಲಿ ಬ್ರಿಟನ್ನಿಗೆ ಹೋದ ಕಾಲದಲ್ಲಿ, ೨೦೦೧ರಲ್ಲಿ, ಅವಳೂ ಹೋದಳು. ಅಲ್ಲಿಯ ಪ್ರಜೆಯೂ ಆದಳು. ಭಾವನವರು ತೀರಿಕೊಂಡರು. ರೋಗಿಗಳನ್ನು ಎತ್ತಿ ಇಳಿಸಿ ಅವಳ ಬೆನ್ನುಮೂಳೆ ಕೆಟ್ಟಿತು, ಕೆಲಸ ಬಿಡಬೇಕಾಯಿತು. ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ ಪೌರಸಭೆ ಅವಳಿಗೆ ನಾಲ್ಕಂತಸ್ತಿನ ಕಟ್ಟಡದ ಒಂದು ಮನೆಯನ್ನು ಕೊಟ್ಟಿತು. ೨೦೧೭ರ ಬೇಸಗೆಯ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ನನಗೆ ಮೊದಲು ವಿಚಿತ್ರವೆನಿಸಿದ್ದು ಅವಳ ಅಡಿಗೆಮನೆ. ಕುಕ್ಕರು ಕಪಾಟಿನೊಳಗೆ ಧೂಳು ಹಿಡಿದು ಕುಳಿತಿತ್ತು. ಅಕ್ಕ ಅನ್ನವನ್ನು ಪಾತ್ರೆಯಲ್ಲಿ ಬೇಯಿಸಿ ಬಸಿಯುತ್ತಿದ್ದಳು. ಏಕೆಂದು ಕೇಳಿದೆ.

“ಕುಕ್ಕರು ಕೂಗಿದರೆ ಮೇಲಿನವನು ನೆಲ ಗುದ್ದುತ್ತಾನೆ ಕಣೋ. ಒಗ್ಗರಣೆ ವಾಸನೆ ಹೋದರೂ ಗುದ್ದುತ್ತಾನೆ. ಅದಕ್ಕೇ ಒಗ್ಗರಣೆಯನ್ನೂ ಬಿಟ್ಟಿದ್ದೇನೆ,” ಎಂದಳು. ಯಾವುದೋ ಪಥ್ಯದ ವಿಚಾರ ಹೇಳುವವಳಂತೆ ಹೇಳಿದಳು.

ನೆಲ ಗುದ್ದುವುದು ಅದರಲ್ಲಿ ಅತ್ಯಲ್ಪದ ಭಾಗ. ರಾತ್ರಿ ಒಂದು ಗಂಟೆಗೆ ಕುರ್ಚಿ ಮೇಜುಗಳನ್ನು ಎಳೆದಾಡುವುದು, ಒಮ್ಮೆಗೇ ಸಂಗೀತವನ್ನು ಜೋರು ಮಾಡುವುದು, ಒಣಹಾಕಿದ ಸೀರೆಯ ಮೇಲೆ ಸಿಗರೇಟಿನ ತುಂಡನ್ನು ಎಸೆಯುವುದು, ಬಾಗಿಲಿನ ಕಾಗದದ ಕಿಂಡಿಯೊಳಗೆ ಕಸ ತುರುಕುವುದು, ಮೆಟ್ಟಿಲಿನಲ್ಲಿ ಎದುರಾದರೆ ನಿನ್ನ ದೇಶಕ್ಕೆ ನೀನು ಹೋಗೆಂದು ಉಗುಳುವುದು. ಒಂದೊಂದನ್ನೂ ಬೇರೆಯಾಗಿ ನೋಡಿದರೆ ‘ಇಷ್ಟೇ ತಾನೇ’ ಎನ್ನಬಹುದಾದದ್ದು. ಕಿರುಕುಳವೆಂಬ ಮಾತಿನಲ್ಲಿಯೇ ‘ಕಿರಿದು’ ಇದೆ. ಅದರ ಬಲವಿರುವುದು ಆ ಕಿರಿತನದಲ್ಲಿ. ಪ್ರತಿಯೊಂದು ಘಟನೆಯೂ ದೂರು ಕೊಡಲಾರದಷ್ಟು ಚಿಕ್ಕದು. ಎಲ್ಲವೂ ಸೇರಿ ತಾಳಲಾರದಷ್ಟು ದೊಡ್ಡದು. ೧೯೯೭ರ ಕಿರುಕುಳ ರಕ್ಷಣೆಯ ಕಾಯಿದೆ ಈ ಮರ್ಮವನ್ನು ಅರಿತಿದೆ. ಅದು ಒಂದು ಘಟನೆಯನ್ನಲ್ಲ, ಎರಡು ಸಲವಾದರೂ ನಡೆದ ‘ನಡವಳಿಕೆಯ ಸರಣಿ’ಯನ್ನು ಅಪರಾಧವೆಂದು ಗಣಿಸುತ್ತದೆ.

ಸರಣಿಯನ್ನು ತೋರಿಸುವುದು ಹೇಗೆ? ಬರೆದಿಟ್ಟು. ಪೌರಸಭೆಯ ವಸತಿಶಾಖೆಯವರು ಅಕ್ಕನಿಗೆ ಹಲವು ಹಾಳೆಗಳ ಒಂದು ದಿನಚರಿಯನ್ನು ಕೊಟ್ಟಿದ್ದರು. ಅವಳು ಅದನ್ನು ತಪ್ಪದೆ ತುಂಬಿದ್ದಳು, ಆದರೆ ಕನ್ನಡದಲ್ಲಿ. ನಡುರಾತ್ರಿ ಎಚ್ಚರಗೊಂಡು ಎದೆ ಬಡಿದುಕೊಳ್ಳುತ್ತಿರುವಾಗ ಕೈಗೆ ಬರುವುದು ಕನ್ನಡವೇ ಎಂದಳು. ಅದನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನದಾಯಿತು. ‘ಇವತ್ತು ನರಕ ತೋರಿಸಿದ’, ‘ತಲೆ ಮೇಲೆ ಗುಡುಗು ಬಿದ್ದ ಹಾಗಾಯಿತು’, ‘ದೇವರೇ, ಬೆಳಗಾದರೆ ಸಾಕು’. ಅಲಂಕಾರಶಾಸ್ತ್ರವನ್ನು ಪಾಠ ಹೇಳುವ ನನಗೆ ಅದರಲ್ಲಿ ಉಪಮೆಯೂ ಅತಿಶಯೋಕ್ತಿಯೂ ಕಂಡವು. ಅವುಗಳ ಹಿಂದೆ ಸತ್ಯವೂ ಕಂಡಿತು. ಆದರೆ ಕಚೇರಿಯ ಅಧಿಕಾರಿಗೆ ಬೇಕಾದದ್ದು ಬೇರೆ: ಯಾವ ದಿನ, ಎಷ್ಟು ಹೊತ್ತಿಗೆ, ಏನು ಕೇಳಿಸಿತು, ಎಷ್ಟು ನಿಮಿಷ ನಡೆಯಿತು, ಮನೆಯವರ ಮೇಲೆ ಆದ ಪರಿಣಾಮವೇನು, ಬೇರೆ ಯಾರು ಕೇಳಿದರು. ಅಕ್ಕನನ್ನು ಕೂರಿಸಿಕೊಂಡು ಒಂದೊಂದು ಉಪಮೆಯನ್ನೂ ಗಂಟೆ ನಿಮಿಷಗಳಿಗೆ ಇಳಿಸಿದೆವು. ‘ನರಕ’ವು ‘೧ ಗಂಟೆ ೧೦ ನಿಮಿಷದಿಂದ ೨ ಗಂಟೆ ೩೦ ನಿಮಿಷದವರೆಗೆ ಸಂಗೀತ, ಮಾತಿನ ಪದಗಳೂ ತಿಳಿಯುವಷ್ಟು ಜೋರು, ನಿದ್ದೆ ಬರಲಿಲ್ಲ’ ಎಂದಾಯಿತು. ನೋವಿನ ಭಾಷೆಯೊಂದು, ಪುರಾವೆಯ ಭಾಷೆ ಇನ್ನೊಂದು. ನೊಂದವರು ಮೊದಲನೆಯದನ್ನು ಮಾತ್ರ ಬಲ್ಲರು. ಕಚೇರಿಗಳಿಗೆ ಎರಡನೆಯದು ಮಾತ್ರ ಕೇಳಿಸುತ್ತದೆ. ಎಷ್ಟೋ ದೂರುಗಳು ಬಿದ್ದುಹೋಗುವುದು ಇವೆರಡರ ನಡುವಣ ಕಂದಕದಲ್ಲಿ. ಹಾಗೆಂದು ಕನ್ನಡದ ಮೂಲವನ್ನು ನಾವು ಎಸೆಯಲಿಲ್ಲ. ಆ ಕ್ಷಣದಲ್ಲಿ ಬರೆದದ್ದಕ್ಕೆ ನ್ಯಾಯಾಲಯದಲ್ಲಿ ಬೆಲೆ ಹೆಚ್ಚು.

ದಾರಿಗಳು ಅಲ್ಲಿ ಹಲವಿವೆ. ಕದ ತಟ್ಟಿ ಸೌಮ್ಯವಾಗಿ ಹೇಳುವುದು ಮೊದಲನೆಯದು. ಆದರೆ ಬೆದರಿಕೆಯಿದ್ದಲ್ಲಿ ಒಂಟಿಯಾಗಿ ಹೋಗಬಾರದೆಂದು ಎಲ್ಲರೂ ಎಚ್ಚರಿಸುತ್ತಾರೆ. ಇಬ್ಬರಿಗೂ ಸೇರದ ಮಧ್ಯಸ್ಥರೆದುರು ಕೂತು ಮಾತಾಡುವುದು ಎರಡನೆಯದು. ಸದ್ದಿನ ಪೀಡೆಗೆ ೧೯೯೦ರ ಪರಿಸರ ರಕ್ಷಣೆಯ ಕಾಯಿದೆಯಂತೆ ಆರೋಗ್ಯಾಧಿಕಾರಿಗಳು ನೋಟೀಸು ಕೊಡಬಹುದು. ೧೯೯೬ರ ಕಾಯಿದೆ ರಾತ್ರಿ ೧೧ರಿಂದ ಬೆಳಗ್ಗೆ ೭ರವರೆಗಿನ ಸದ್ದಿಗೆ ಬೇರೆ ನಿಯಮವನ್ನಿಟ್ಟಿದೆ. ಮನೆಯೊಡೆಯನಾದ ಪೌರಸಭೆಗೆ ೨೦೧೪ರ ಕಾಯಿದೆಯಂತೆ ನ್ಯಾಯಾಲಯದಿಂದ ತಡೆಯಾಜ್ಞೆ ತರುವ ಅಧಿಕಾರವಿದೆ. ತೀರ ಮಿತಿಮೀರಿದರೆ ಒಕ್ಕಲೆಬ್ಬಿಸಬಹುದು. ಪೌರಸಭೆಯೇ ಕೈಕಟ್ಟಿ ಕುಳಿತರೆ ವಸತಿಯ ದೂರುಗಳನ್ನು ವಿಚಾರಿಸುವ ಸ್ವತಂತ್ರ ಅಧಿಕಾರಿಯ ಬಳಿಗೆ ಹೋಗಬಹುದು.

ಇಷ್ಟೆಲ್ಲ ಇದ್ದೂ ಮನುಷ್ಯರು ಸೋಲುತ್ತಾರೆ. ೨೦೦೭ರಲ್ಲಿ ಲೆಸ್ಟರ್‌ಷೈರಿನ ಒಬ್ಬ ತಾಯಿ, ವಿಕಲಚೇತನಳಾದ ಮಗಳೊಡನೆ ಪ್ರಾಣ ಕಳೆದುಕೊಂಡಳು. ಬೀದಿಯ ಪುಂಡ ಹುಡುಗರು ವರ್ಷಗಟ್ಟಲೆ ಆ ಮನೆಯನ್ನು ಕಾಡಿದ್ದರು. ಆಕೆ ಪೊಲೀಸರಿಗೆ ೩೩ ಸಲ ದೂರಿತ್ತಿದ್ದಳೆಂದು ಆಮೇಲಿನ ವಿಚಾರಣೆಯಲ್ಲಿ ಹೊರಬಿತ್ತು. ಪ್ರತಿ ಸಲವೂ ಅದು ಹೊಸ ದೂರು, ಚಿಕ್ಕ ದೂರು. ಎಲ್ಲವನ್ನೂ ಒಟ್ಟುಗೂಡಿಸಿ ಓದಿದವರು ಒಬ್ಬರೂ ಇರಲಿಲ್ಲ. ಈ ದುರಂತದ ನೆನಪಿನಲ್ಲಿಯೇ ೨೦೧೪ರ ಕಾಯಿದೆಗೆ ಒಂದು ಹೊಸ ಹಕ್ಕು ಸೇರಿತು. ಆರು ತಿಂಗಳಲ್ಲಿ ಮೂರು ಸಲ ದೂರಿತ್ತವನು, ತನ್ನ ದೂರುಗಳನ್ನು ಪೊಲೀಸರೂ ಪೌರಸಭೆಯೂ ಆರೋಗ್ಯಶಾಖೆಯೂ ಒಂದೇ ಮೇಜಿನ ಸುತ್ತ ಕುಳಿತು ಒಟ್ಟಿಗೆ ಪರಿಶೀಲಿಸಬೇಕೆಂದು ಕೇಳಬಹುದು. ಒಂದು ಹಕ್ಕು ಇಷ್ಟು ಸರಳವಾಗಿರುವುದನ್ನು ಕಂಡಾಗ, ಅದು ಹುಟ್ಟಲು ಎರಡು ಜೀವ ಹೋಗಬೇಕಾಯಿತೇ ಎಂದು ವ್ಯಥೆಯಾಗುತ್ತದೆ.

ಬಣ್ಣದ ಪ್ರಶ್ನೆಯೂ ಇಲ್ಲಿ ಬರುತ್ತದೆ. ೧೯೭೦ರ ದಶಕದಲ್ಲಿ ಲಂಡನ್ನಿನ ಪೂರ್ವಭಾಗದ ಬಂಗಾಳಿ ಕುಟುಂಬಗಳು ಪೌರಸಭೆಯ ಕಟ್ಟಡಗಳಲ್ಲಿ ಪೆಟ್ಟು, ಕಲ್ಲು, ಬೈಗುಳಗಳಿಗೆ ಗುರಿಯಾದವು. ೧೯೭೮ರಲ್ಲಿ ಅಲ್ಲಿಯ ಆಡಳಿತ ಬಂಗಾಳಿಗಳಿಗೇ ಬೇರೆ ಕಟ್ಟಡಗಳನ್ನು ಮೀಸಲಿಡುವ ಮಾತೆತ್ತಿತು. ಇದರಿಂದ ರಕ್ಷಣೆ ಸಿಕ್ಕೀತೆಂದು ಕೆಲವರೆಂದರು, ಹೊಸ ಕೇರಿಯೊಂದು ಹುಟ್ಟೀತೆಂದು ಇತರರು ಕೆರಳಿದರು, ಯೋಜನೆ ಬಿದ್ದುಹೋಯಿತು. ಕೇರಿಗಳ ಇತಿಹಾಸವನ್ನು ಬಲ್ಲ ನಮಗೆ ಈ ವಾದದ ಎರಡೂ ಬದಿಗಳು ಅರ್ಥವಾಗುತ್ತವೆ. ಮುಂದೆ ೧೯೯೮ರ ಕಾಯಿದೆ ಜನಾಂಗದ್ವೇಷದಿಂದ ಮಾಡಿದ ಅಪರಾಧಕ್ಕೆ ಹೆಚ್ಚಿನ ಶಿಕ್ಷೆಯನ್ನು ವಿಧಿಸಿತು. ಪೆಟ್ಟು ತಿಂದವನಾಗಲಿ ನೋಡಿದವನಾಗಲಿ ಜನಾಂಗದ್ವೇಷವೆಂದು ಭಾವಿಸಿದರೆ ಅದನ್ನು ಹಾಗೆಯೇ ದಾಖಲಿಸಬೇಕೆಂದು ೧೯೯೯ರ ಮ್ಯಾಕ್‌ಫರ್ಸನ್ ವರದಿ ಸೂಚಿಸಿತು. ಅಕ್ಕನ ದಿನಚರಿಯಲ್ಲಿ ಮೆಟ್ಟಿಲಿನ ಬೈಗುಳವನ್ನು ಬರೆಯುವಾಗ ಅವಳ ಕೈ ತಡೆಯುತ್ತಿತ್ತು. “ಇದನ್ನೂ ಬರೆಯಬೇಕೇನೋ? ಬರೆದರೆ ನಿಜವಾಗಿಬಿಡುತ್ತದೆ,” ಎಂದಳು. “ಬರೆಯದಿದ್ದರೆ ಅವನಿಗೆ ಮಾತ್ರ ನಿಜವಾಗಿ ಉಳಿಯುತ್ತದೆ, ಅಕ್ಕಾ,” ಎಂದೆ. ಅವಳು ಬರೆದಳು.

ದಿನಚರಿ ತುಂಬಿತು, ಆದರೂ ಒಂದು ಅಂಕಣ ಖಾಲಿಯೇ ಇತ್ತು: ‘ಬೇರೆ ಯಾರು ಕೇಳಿದರು?’ ಎದುರುಮನೆಯಲ್ಲಿ ಒಬ್ಬ ಇಂಗ್ಲಿಷ್ ವೃದ್ಧೆಯಿದ್ದರು; ಬಟ್ಟೆಗಿರಣಿಯಲ್ಲಿ ದುಡಿದವರು. ಆ ಕಡೆಯ ವಾಡಿಕೆಯಂತೆ ಅಕ್ಕನನ್ನು ‘ಲವ್’ ಎಂದು ಕರೆಯುವರು. ಅವರಿಗೆ ಎಲ್ಲವೂ ಗೊತ್ತಿತ್ತು. ಆದರೆ ಇನ್ನೊಬ್ಬರ ವಿಚಾರದಲ್ಲಿ ತಲೆ ಹಾಕಬಾರದೆಂಬುದು ಅವರ ಬಾಳಿನ ನಿಯಮ. ಭಯವೂ ಇದ್ದೀತು. ಒಂದು ಸಂಜೆ ಅಕ್ಕ ಅವರಿಗೆ ಪಾಯಸ ಕೊಡಲು ಹೋದಾಗ ನಾನೂ ಜೊತೆಗಿದ್ದೆ. ಕುಕ್ಕರಿನ ವಿಚಾರ ಅದು ಹೇಗೋ ಬಂತು. ವೃದ್ಧೆ ಬಹಳ ಹೊತ್ತು ಸುಮ್ಮನಿದ್ದು, “ಆ ಕೂಗು ಕೇಳಿ ಎಷ್ಟೋ ತಿಂಗಳಾಯಿತು ಎಂದುಕೊಳ್ಳುತ್ತಿದ್ದೆ. ಅದು ಕೂಗಿದರೆ ನನಗೆ ಊಟದ ಹೊತ್ತಾಯಿತೆಂದು ತಿಳಿಯುತ್ತಿತ್ತು,” ಎಂದರು. ಎರಡು ದಿನಗಳ ಮೇಲೆ ಅರ್ಧ ಹಾಳೆಯ ಹೇಳಿಕೆಯೊಂದನ್ನು ತಾವೇ ಬರೆದು ಸಹಿ ಮಾಡಿ ತಂದರು. ಅದರಲ್ಲಿದ್ದದ್ದು ಏಳೋ ಎಂಟೋ ವಾಕ್ಯ. ಅಕ್ಕನ ಮೂರು ತಿಂಗಳ ದಿನಚರಿಗೆ ಬಾರದಿದ್ದ ತೂಕ ಆ ಅರ್ಧ ಹಾಳೆಗೆ ಬಂದಿತು. ಒಬ್ಬಳ ಮಾತು ದೂರು. ಇಬ್ಬರ ಮಾತು ಸಾಕ್ಷ್ಯ.

ಆಮೇಲಿನದನ್ನು ನಾನು ದೂರವಾಣಿಯಲ್ಲಿ ಕೇಳಿ ತಿಳಿದೆ. ಮಧ್ಯಸ್ಥಿಕೆಗೆ ಮೇಲಿನವನು ಬರಲಿಲ್ಲ. ಪೌರಸಭೆಯ ಅಧಿಕಾರಿ ಎರಡು ಸಲ ಬದಲಾದರು. ಹೊಸಬರಿಗೆ ಮೊದಲಿನಿಂದ ಹೇಳಬೇಕಾಯಿತು. ಕೊನೆಗೆ ಅಕ್ಕ ಒಟ್ಟು ಪರಿಶೀಲನೆಯ ಹಕ್ಕನ್ನು ಕೇಳಿದಳು. ಸಭೆ ನಡೆಯಿತು. ಪೌರಸಭೆ ತಡೆಯಾಜ್ಞೆಗೆ ಅರ್ಜಿ ಹಾಕಿತು; ಆತ ನ್ಯಾಯಾಲಯದ ಮುಂದೆ ಹೀಗೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟ. ಅದನ್ನು ಮೀರಿದರೆ ಸೆರೆಮನೆಯೂ ಆಗಬಹುದು. ಆತನನ್ನು ಮನೆ ಬಿಡಿಸಬೇಕೆಂದು ನೀವು ಬಯಸುವಿರಾ ಎಂದು ಅಧಿಕಾರಿ ಕೇಳಿದಾಗ ಅಕ್ಕ ಬೇಡವೆಂದಳಂತೆ. “ಅವನಿಗೂ ಹೋಗೋಕೆ ಜಾಗ ಇಲ್ಲ ಕಣೋ. ಅಲ್ಲಿಂದ ಎಬ್ಬಿಸಿದರೆ ಇನ್ನೊಬ್ಬಳ ತಲೆ ಮೇಲೆ ಇಡುತ್ತಾರೆ, ಅಷ್ಟೆ. ನನಗೆ ಅವನು ಸುಮ್ಮನಿದ್ದರೆ ಸಾಕು,” ಎಂದಳು.

ಈ ಮಾತನ್ನು ನಾನು ಬಹಳ ಯೋಚಿಸಿದ್ದೇನೆ. ಇದು ಬರಿಯ ಕರುಣೆಯಲ್ಲ. ಅದರಲ್ಲಿ ಅನುಭವದ ಲೆಕ್ಕವಿದೆ. ಸ್ಕಾಟ್ಲೆಂಡಿನ ಡಂಡೀ ನಗರದಲ್ಲಿ ೧೯೯೬ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ನೆರೆಯವರನ್ನು ಪೀಡಿಸಿ ಒಕ್ಕಲೆದ್ದ, ಇಲ್ಲವೆ ಏಳಲಿದ್ದ ಕುಟುಂಬಗಳನ್ನು ಹೊರಗಟ್ಟುವ ಬದಲು, ಮೇಲ್ವಿಚಾರಣೆಯಲ್ಲಿ ಇಟ್ಟುಕೊಂಡು ಬಾಳುವೆಯನ್ನು ಕಲಿಸುವ ಪ್ರಯೋಗವದು. ಮುಂದೆ ಇಂಗ್ಲೆಂಡಿನ ಅನೇಕ ಊರುಗಳು ಅದನ್ನು ಅನುಸರಿಸಿದವು. ಕುಡಿತ, ನಿರುದ್ಯೋಗ, ಮನೋವ್ಯಾಧಿಗಳು ಪೀಡಕನ ಬೆನ್ನಿಗಿರುವುದು ಅಪರೂಪವಲ್ಲ. ಆದರೆ ಇಷ್ಟನ್ನೂ ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಗ್ಲಾಸ್ಗೋ ನಗರದಲ್ಲಿ ೨೦೦೧ರಲ್ಲಿ, ವರ್ಷಗಳಿಂದ ಬೆದರಿಸುತ್ತಿದ್ದ ಬಾಡಿಗೆದಾರನೊಬ್ಬನನ್ನು ಪೌರಸಭೆ ಕರೆಸಿ ಎಚ್ಚರಿಸಿತು; ಆತ ಕಚೇರಿಯಿಂದ ನೇರವಾಗಿ ಮನೆಗೆ ಬಂದು ದೂರಿತ್ತ ನೆರೆಯವನನ್ನು ಹೊಡೆದ; ಏಟು ತಿಂದ ವೃದ್ಧ ಬದುಕಲಿಲ್ಲ. ಮುನ್ಸೂಚನೆ ಕೊಡುವ ಹೊಣೆ ಪೌರಸಭೆಗೆ ಇರಲಿಲ್ಲವೆಂದು ೨೦೦೯ರಲ್ಲಿ ತೀರ್ಪಾಯಿತು. ಕಾನೂನು ಏನೇ ಹೇಳಲಿ, ಪೀಡಕನನ್ನು ಅರ್ಥಮಾಡಿಕೊಳ್ಳುವ ಭಾರವನ್ನೂ ಪೀಡಿತನ ತಲೆಯ ಮೇಲೆಯೇ ಹೊರಿಸುವುದು ಧರ್ಮವಲ್ಲ. ಕ್ಷಮಿಸುವ ಅಧಿಕಾರ ಅಕ್ಕನದು. ಅವಳನ್ನು ಕಾಯುವ ಕರ್ತವ್ಯ ಮನೆಯೊಡೆಯರದು. ಮೊದಲನೆಯದನ್ನು ತೋರಿಸಿ ಎರಡನೆಯದರಿಂದ ಜಾರಿಕೊಳ್ಳಬಾರದು.

ನಮ್ಮಲ್ಲಿ ಪೌರಸಭೆಯ ಬಾಡಿಗೆಮನೆಗಳು ಆ ಪ್ರಮಾಣದಲ್ಲಿಲ್ಲ. ಆದರೆ ವಠಾರ, ನೌಕರರ ವಸತಿಗೃಹ, ಗೃಹಮಂಡಳಿಯ ಮನೆ, ಕೊಳೆಗೇರಿ ಮಂಡಳಿಯ ಬಹುಮಹಡಿಗಳು ಇವೆ. ಅಲ್ಲಿಯೂ ತೆಳುಗೋಡೆಗಳಿವೆ, ಬಣ್ಣದ ಜಾಗದಲ್ಲಿ ಜಾತಿಯಿದೆ, ಒಗ್ಗರಣೆಯ ಜಾಗದಲ್ಲಿ ಇನ್ನೊಬ್ಬರ ಅಡಿಗೆಯ ವಾಸನೆಯಿದೆ. ನಮಗೂ ಸಾಧನಗಳಿಲ್ಲವೆಂದಲ್ಲ. ೨೦೦೦ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ೧೦ರಿಂದ ಬೆಳಗ್ಗೆ ೬ರವರೆಗೆ ಧ್ವನಿವರ್ಧಕವನ್ನು ನಿಷೇಧಿಸಿವೆ. ಶಾಂತಿ ಕದಡುವವನಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಕಾರ್ಯಪಾಲಕ ಮ್ಯಾಜಿಸ್ಟ್ರೇಟರಿಗಿದೆ. ಬಡಾವಣೆಯ ನಿವಾಸಿಗಳ ನೆಮ್ಮದಿ ಕೆಡಿಸುವ ವಿವಾದಗಳನ್ನು ಮೂವರು ಮಧ್ಯಸ್ಥರ ಮೂಲಕ ಬಗೆಹರಿಸುವುದಕ್ಕೆ ೨೦೨೩ರ ಮಧ್ಯಸ್ಥಿಕೆ ಕಾಯಿದೆಯಲ್ಲಿ ಒಂದು ಅಧ್ಯಾಯವೇ ಇದೆ. ನಮ್ಮಲ್ಲಿ ಕಡಿಮೆಯಾಗಿರುವುದು ಬರೆದಿಡುವ ಅಭ್ಯಾಸ. ಇನ್ನೂ ಕಡಿಮೆಯಾಗಿರುವುದು ಎದುರುಮನೆಯವರ ಅರ್ಧ ಹಾಳೆ. ‘ಹೊಂದಿಕೊಂಡು ಹೋಗಿ’ ಎಂಬ ಬುದ್ಧಿವಾದವನ್ನು ನಾವು ಸದಾ ನೊಂದವರಿಗೇ ಹೇಳುತ್ತೇವೆ. ನೋಯಿಸುವವನ ಕದವನ್ನು ತಟ್ಟಿ ಹೇಳುವವರು ವಿರಳ.

ಕಿರುಕುಳ ಕೊಡುವವನ ನಿಜವಾದ ಬಲ ಅವನ ತೋಳಿನಲ್ಲಿಲ್ಲ, ಸುತ್ತಣ ಮನೆಗಳ ಮೌನದಲ್ಲಿದೆ. ಇಬ್ಬರ ನಡುವಣ ಜಗಳವೆಂದು ನಾವು ಹೆಸರಿಟ್ಟು ಬದಿಗೆ ಸರಿಸುವುದರಲ್ಲಿ ಮೂರನೆಯವರ ಪಾತ್ರ ಯಾವಾಗಲೂ ಇರುತ್ತದೆ. ಅವರು ಸುಮ್ಮನಿದ್ದರೆ ಅದೂ ಒಂದು ಪಾತ್ರವೇ. ‘ನೆರೆ’ಯಿಂದ ‘ನೆರವಿ’ಗೂ ‘ನೆರವಿ’ಯಿಂದ ‘ನೆರವಿ’ನ ಮಾತಿಗೂ ನಮ್ಮ ಭಾಷೆ ದಾರಿ ಮಾಡಿಟ್ಟು ಎಷ್ಟೋ ಶತಮಾನಗಳಾದವು. ಆ ದಾರಿಯಲ್ಲಿ ನಡೆಯಲು ಪೌರಸಭೆಯ ಅಪ್ಪಣೆ ಬೇಕಿಲ್ಲ. ಪಕ್ಕದ ಮನೆಯಿಂದ ಎಂದಿನಂತೆ ಕೇಳಿಬರುತ್ತಿದ್ದ ಒಂದು ಸದ್ದು ಏಕೆ ನಿಂತಿತೆಂದು ವಿಚಾರಿಸುವಷ್ಟು ಕಿವಿಯಿದ್ದರೆ ಸಾಕು.